ಬೆಳಕು ತಗ್ಗಿಸಿದರೆ ಪಿಳಿಪಿಳಿ: ಪರದೆಯ ಮಿನುಗಿಗೆ ಮದ್ದುಂಟೆ?

ವಿಜಯಪುರ: ರಾತ್ರಿ ಊಟ ಮುಗಿಸಿ, ದೀಪ ಆರಿಸಿ, ಹಾಸಿಗೆಗೆ ಒರಗಿ ಮೊಬೈಲ್ ಕೈಗೆತ್ತಿಕೊಳ್ಳುವುದು ಈಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲೂ ಬೆಂಗಳೂರಿನಷ್ಟೇ ಸಾಮಾನ್ಯ. ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಬ್ರೈಟ್‌ನೆಸ್ ಪಟ್ಟಿಯನ್ನು ಎಡಕ್ಕೆ ಸರಿಸುತ್ತೇವೆ. ಪರದೆ ಮಂಕಾಗುತ್ತದೆ. ಕಣ್ಣಿಗೆ ಹಿತವಾಗಬೇಕಾದ್ದು ನ್ಯಾಯ. ಆದರೆ ಕೆಲವರಿಗೆ ಅರ್ಧ ತಾಸಿನೊಳಗೆ ಕಣ್ಣು ಉರಿ, ಹಣೆ ಭಾರ, ತಲೆನೋವು ಆರಂಭವಾಗುತ್ತದೆ. ಇನ್ನು ಕೆಲವರಿಗೆ ಪಟ್ಟಿ ಸರಿಸುವಾಗಲೇ ಪರದೆ ಪಿಳಿಪಿಳಿ ಎಂದಂತೆ ತೋರುತ್ತದೆ. ಮರುದಿನ ರಿಪೇರಿ ಅಂಗಡಿಗೆ ಹೋದರೆ ‘ಡಿಸ್‌ಪ್ಲೇ ಹೋಗೈತ್ರಿ, ಬದಲಿ ಮಾಡಬೇಕು’ ಎಂಬ ಉತ್ತರ ಸಿಗುವುದೇ ಹೆಚ್ಚು. ಸಾವಿರಾರು ರೂಪಾಯಿ ಕೊಟ್ಟು ಬದಲಿಸಿದ ಮೇಲೂ ಪಿಳಿಪಿಳಿ ನಿಲ್ಲದಿದ್ದರೆ?

ನಿಲ್ಲದಿರುವ ಸಾಧ್ಯತೆ ಸಾಕಷ್ಟಿದೆ. ಏಕೆಂದರೆ ಅನೇಕ ಸಂದರ್ಭಗಳಲ್ಲಿ ಇದು ಕೆಟ್ಟ ಪರದೆಯ ಲಕ್ಷಣವೇ ಅಲ್ಲ. ಪರದೆಯ ಬೆಳಕನ್ನು ತಗ್ಗಿಸುವ ವಿಧಾನವೇ ಹಾಗಿದೆ.

ಆರಿಸಿ ಹೊತ್ತಿಸುವ ಆಟ: ಸೀಮೆಎಣ್ಣೆ ಕಂದೀಲಿನಲ್ಲಿ ಬತ್ತಿ ಇಳಿಸಿದರೆ ಜ್ವಾಲೆ ಚಿಕ್ಕದಾಗಿ ಬೆಳಕು ತಗ್ಗುತ್ತಿತ್ತು. ಮೊಬೈಲ್ ಪರದೆಯೂ ಹಾಗೆಯೇ ಮಂಕಾಗುತ್ತದೆ ಎಂದು ನಾವು ಭಾವಿಸುತ್ತೇವೆ. ಆದರೆ ಬಹುತೇಕ ಅಮೊಲೆಡ್ ಅಥವಾ ಒಎಲ್‌ಇಡಿ ಪರದೆಗಳಲ್ಲಿ, ಹಲವು ಲ್ಯಾಪ್‌ಟಾಪ್‌ಗಳಲ್ಲಿ ನಡೆಯುವುದೇ ಬೇರೆ. ಅಲ್ಲಿ ದೀಪ ಚಿಕ್ಕದಾಗುವುದಿಲ್ಲ. ಅದನ್ನು ಸೆಕೆಂಡಿಗೆ ನೂರಾರು ಸಲ ಪೂರ್ತಿ ಆರಿಸಿ ಪೂರ್ತಿ ಹೊತ್ತಿಸಲಾಗುತ್ತದೆ. ಹೊತ್ತಿರುವ ಕಾಲ ಹೆಚ್ಚಿದ್ದರೆ ಪರದೆ ಪ್ರಖರವಾಗಿಯೂ ಆರಿರುವ ಕಾಲ ಹೆಚ್ಚಿದ್ದರೆ ಮಂಕಾಗಿಯೂ ಕಾಣುತ್ತದೆ. ಕಣ್ಣು ಎರಡನ್ನೂ ಬೆರೆಸಿ ಸರಾಸರಿಯನ್ನಷ್ಟೇ ಗ್ರಹಿಸುತ್ತದೆ. ತಂತ್ರಜ್ಞರು ಇದನ್ನು ಪಲ್ಸ್ ವಿಡ್ತ್ ಮಾಡ್ಯುಲೇಷನ್, ಚಿಕ್ಕದಾಗಿ ಪಿಡಬ್ಲ್ಯೂಎಂ ಎನ್ನುತ್ತಾರೆ.

ಲೆಕ್ಕ ಹಾಕಿ ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ. ಅಮೊಲೆಡ್ ಫೋನುಗಳಲ್ಲಿ ಬಹುಕಾಲ ರೂಢಿಯಲ್ಲಿದ್ದ ವೇಗ ಸೆಕೆಂಡಿಗೆ 240 ಬಾರಿ, ಅಂದರೆ 240 ಹರ್ಟ್ಸ್. ಒಂದು ಆವರ್ತಕ್ಕೆ ಸುಮಾರು 4.2 ಮಿಲಿಸೆಕೆಂಡ್. ಬೆಳಕು ಕಾಲು ಭಾಗಕ್ಕೆ ಇಳಿದಾಗ ಪರದೆ ಸುಮಾರು 1 ಮಿಲಿಸೆಕೆಂಡ್ ಹೊತ್ತಿ, ಉಳಿದ 3 ಮಿಲಿಸೆಕೆಂಡ್‌ಗೂ ಹೆಚ್ಚು ಕಾಲ ಕತ್ತಲಾಗಿರುತ್ತದೆ. ಬೆಳಕು ಶೇ 5ಕ್ಕೆ ಇಳಿದರೆ ಹೊತ್ತಿರುವ ಕಾಲ 0.2 ಮಿಲಿಸೆಕೆಂಡ್ ಮಾತ್ರ. ರಾತ್ರಿ ಹಾಸಿಗೆಯಲ್ಲಿ ನಾವು ನೋಡುವುದು ಹೆಚ್ಚು ಕಾಲ ಆರಿಯೇ ಇರುವ ಪರದೆಯನ್ನು ಎಂದಾಯಿತು. ಬೆಳಕು ತಗ್ಗಿಸಿದಷ್ಟೂ ತೊಂದರೆ ಹೆಚ್ಚುವ ಒಗಟು ಇರುವುದು ಇಲ್ಲಿಯೇ.

ಕಂಪನಿಗಳು ಹೀಗೇಕೆ ಮಾಡುತ್ತವೆ ಎಂದು ಕೇಳಬಹುದು. ಉಳಿತಾಯವೊಂದೇ ಕಾರಣವಲ್ಲ. ಒಎಲ್‌ಇಡಿಗೆ ಹರಿಸುವ ವಿದ್ಯುತ್ತನ್ನೇ ತೀರಾ ತಗ್ಗಿಸಿದರೆ ಬಣ್ಣಗಳು ಕೆಡುತ್ತವೆ. ಬೂದು ಬಣ್ಣ ಹಸಿರಿಗೋ ಗುಲಾಬಿಗೋ ತಿರುಗಬಹುದು. ಲಕ್ಷಗಟ್ಟಲೆ ಬಿಂದುಗಳಲ್ಲಿ ಒಂದೊಂದೂ ಒಂದೊಂದು ಪ್ರಮಾಣದಲ್ಲಿ ಮಂಕಾಗಿ ಪರದೆಯ ಮೇಲೆ ಕಲೆ ಕಲೆಯಾಗಿ ಕಾಣಬಹುದು. ಪೂರ್ತಿ ಹೊತ್ತಿಸಿ ಪೂರ್ತಿ ಆರಿಸುವ ವಿಧಾನದಲ್ಲಿ ಈ ದೋಷವಿಲ್ಲ. ಬಣ್ಣದ ಅಂದಕ್ಕಾಗಿ ಕಣ್ಣಿನ ಹಿತ ಒತ್ತೆ ಇಟ್ಟಂತೆ ಎಂದರೆ ಸ್ವಲ್ಪ ಕಟುವಾದೀತು, ಆದರೆ ಸುಳ್ಳಾಗದು.

ಹಳೆಯ ಕಥೆಯೇ: ಪರದೆಯ ಮಿನುಗು ನಮ್ಮ ಜಿಲ್ಲೆಗೆ ಹೊಸದಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ 177 ತಾಲ್ಲೂಕುಗಳ ಪಹಣಿ, ನಮ್ಮ ಕಡೆಯ ಮಾತಿನಲ್ಲಿ ಉತಾರ, ಕಂಪ್ಯೂಟರಿಗೆ ಏರಿತು. ಅಂದಿನ ಕಂಪ್ಯೂಟರುಗಳ ಜೊತೆಗೆ ಇರುತ್ತಿದ್ದುದು ಡಬ್ಬದಂಥ ಸಿಆರ್‌ಟಿ ಮಾನಿಟರ್. ಅದರ ಗಾಜಿನ ಮೇಲಿನ ಚಿತ್ರವನ್ನು ಎಲೆಕ್ಟ್ರಾನ್ ಕಿರಣ ಸೆಕೆಂಡಿಗೆ 60 ಬಾರಿ ಬರೆಯುತ್ತಿತ್ತು. ಬರೆದ ಗೆರೆ ಮರುಕ್ಷಣ ಮಾಸುತ್ತಿತ್ತು. ನೇರ ನೋಡಿದರೆ ಸುಮ್ಮನಿರುವಂತೆ ಕಂಡ ಪರದೆ ಓರೆಗಣ್ಣಿಗೆ ನಡುಗುವಂತೆ ಕಾಣುತ್ತಿದ್ದುದು ಆ ಕಾಲದಲ್ಲಿ ಕಂಪ್ಯೂಟರ್ ಮುಂದೆ ಕುಳಿತವರಿಗೆಲ್ಲ ನೆನಪಿರಬೇಕು. ಬೆಳಕಿನ ಏರಿಳಿತವನ್ನು ಹಿಡಿಯುವುದರಲ್ಲಿ ಕಣ್ಣಿನ ಅಂಚು ನಡುಭಾಗಕ್ಕಿಂತ ಚುರುಕು. ವೇಗವನ್ನು 75 ಅಥವಾ 85 ಹರ್ಟ್ಸ್‌ಗೆ ಏರಿಸಿದರೆ ನಡುಕ ನಿಲ್ಲುತ್ತಿತ್ತು.

ಹಳೆಯ ಚೋಕ್ ಇರುವ ಟ್ಯೂಬ್‌ಲೈಟಿನದೂ ಇದೇ ಗುಣ. ವಿದ್ಯುತ್ತು ಕೂಡಗಿಯ 2400 ಮೆಗಾವಾಟ್ ಉಷ್ಣ ಸ್ಥಾವರದಿಂದ ಬರಲಿ, ಆಲಮಟ್ಟಿಯ ಜಲವಿದ್ಯುದಾಗಾರದಿಂದ ಬರಲಿ, ಅದು 50 ಹರ್ಟ್ಸ್‌ನದು. ಆವರ್ತವೊಂದಕ್ಕೆ ಎರಡು ಬಾರಿ ಶೂನ್ಯ ಮುಟ್ಟುವುದರಿಂದ ಟ್ಯೂಬ್‌ಲೈಟು ಸೆಕೆಂಡಿಗೆ 100 ಬಾರಿ ಮಂಕಾಗುತ್ತದೆ. ಇಂಗ್ಲೆಂಡಿನ ಆರ್ನಾಲ್ಡ್ ವಿಲ್ಕಿನ್ಸ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ಕಚೇರಿಯೊಂದರಲ್ಲಿ ಇಂಥ ದೀಪಗಳ ಬದಲಿಗೆ ಅತಿವೇಗದ ಎಲೆಕ್ಟ್ರಾನಿಕ್ ಚೋಕ್ ಇರುವ ದೀಪಗಳನ್ನು ಹಾಕಿದಾಗ ನೌಕರರ ತಲೆನೋವು ಮತ್ತು ಕಣ್ಣಿನ ಆಯಾಸದ ಪ್ರಮಾಣ ಅರ್ಧಕ್ಕಿಂತ ಹೆಚ್ಚು ಇಳಿದದ್ದು ಕಂಡುಬಂತು. ಗಮನಿಸಬೇಕಾದ ಅಂಶವೆಂದರೆ, 100 ಹರ್ಟ್ಸ್ ಮಿನುಗನ್ನು ಯಾರೂ ಕಣ್ಣಾರೆ ‘ಕಾಣುವುದಿಲ್ಲ’. ಕಾಣದಿದ್ದರೂ ತಲೆ ನೋಯುತ್ತದೆ.

ಕಾಣುವುದಿಲ್ಲ ಎಂಬ ಮಾತಿಗೂ ಒಂದು ತಿದ್ದುಪಡಿ ಬೇಕು. ಕಣ್ಣು ಸುಮ್ಮನಿದ್ದಾಗ ಸಾಮಾನ್ಯವಾಗಿ 60ರಿಂದ 90 ಹರ್ಟ್ಸ್ ಮೇಲಿನ ಮಿನುಗು ತಿಳಿಯುವುದಿಲ್ಲ. ಆದರೆ ಓದುವಾಗ ಕಣ್ಣು ಸುಮ್ಮನಿರುವುದಿಲ್ಲ. ಪದದಿಂದ ಪದಕ್ಕೆ, ಸಾಲಿನಿಂದ ಸಾಲಿಗೆ ಜಿಗಿಯುತ್ತಿರುತ್ತದೆ. ಆ ಜಿಗಿತದ ಕ್ಷಣದಲ್ಲಿ ಮಿನುಗುವ ಬೆಳಕು ಅಕ್ಷಿಪಟಲದ ಮೇಲೆ ಒಂದೇ ಗೆರೆಯಾಗದೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ. ರಾತ್ರಿ ಮುಂದೆ ಹೋಗುವ ಕೆಲವು ಕಾರುಗಳ ಎಲ್‌ಇಡಿ ಹಿಂದೀಪದ ಮೇಲಿಂದ ದೃಷ್ಟಿಯನ್ನು ಥಟ್ಟನೆ ಹೊರಳಿಸಿದರೆ ಕೆಂಪು ಚುಕ್ಕಿಗಳ ಸಾಲು ಕಾಣುವುದುಂಟು, ಅದು ಇದೇ. ಹೀಗೆ ಕಣ್ಣು ಹೊರಳುವಾಗ 1000 ಹರ್ಟ್ಸ್‌ಗೂ ಮೀರಿದ ಮಿನುಗು ಕೂಡ ಗ್ರಹಿಕೆಗೆ ಬರುತ್ತದೆಂದು ರಾಬರ್ಟ್ಸ್ ಮತ್ತು ವಿಲ್ಕಿನ್ಸ್ 2013ರಲ್ಲಿ ತೋರಿಸಿದರು.

ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಇಇಇ 2015ರಲ್ಲಿ ಎಲ್‌ಇಡಿ ದೀಪಗಳಿಗಾಗಿ 1789 ಎಂಬ ಸಂಖ್ಯೆಯ ಶಿಫಾರಸು ಹೊರಡಿಸಿತು. ಅದರ ಪ್ರಕಾರ, ಪೂರ್ತಿ ಆರಿ ಪೂರ್ತಿ ಹೊತ್ತುವ ಬೆಳಕು ಕಡಿಮೆ ಅಪಾಯದ ವರ್ಗಕ್ಕೆ ಸೇರಬೇಕಾದರೆ ವೇಗ 1250 ಹರ್ಟ್ಸ್ ಮೀರಬೇಕು. ಯಾವ ಪರಿಣಾಮವೂ ಇರಬಾರದೆಂದರೆ 3000 ಹರ್ಟ್ಸ್ ಬೇಕು. 240 ಹರ್ಟ್ಸ್‌ನ ಬೆಳಕಿಗೆ ಕಡಿಮೆ ಅಪಾಯದ ಮಿತಿ ಶೇ 19ರಷ್ಟು ಏರಿಳಿತ ಮಾತ್ರ. ಈ ಶಿಫಾರಸು ದೀಪಗಳ ಕುರಿತಾದದ್ದು, ಮೊಬೈಲ್ ಪರದೆಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಕಂಪನಿಗಳು ತಮ್ಮ ಜಾಹೀರಾತುಗಳಲ್ಲಿ 1920, 2160, 3840 ಎಂಬ ಅಂಕಿಗಳನ್ನು ದೊಡ್ಡದಾಗಿ ಹಾಕುತ್ತಿರುವುದರ ಹಿಂದಿನ ತರ್ಕ ಇದೇ. ಭಾರತದಲ್ಲಿ 2023ರಲ್ಲಿ ಬಿಡುಗಡೆಯಾದ ಹಾನರ್ 90 ಫೋನು 3840 ಹರ್ಟ್ಸ್ ಎಂದು ಹೇಳಿಕೊಂಡೇ ಮಾರುಕಟ್ಟೆಗೆ ಬಂತು.

ಎಲ್ಲರಿಗೂ ಇದು ತೊಂದರೆಯೇ? ಅಲ್ಲ. ಅನೇಕರು ವರ್ಷಗಟ್ಟಲೆ ಇಂಥದೇ ಫೋನು ನೋಡಿಯೂ ಆರಾಮವಾಗಿದ್ದಾರೆ. ಮೈಗ್ರೇನ್ ಇರುವವರಲ್ಲಿ ಸಂವೇದನೆ ಹೆಚ್ಚು. ಫೋನಿನ ಮಿನುಗಿನಿಂದ ದೃಷ್ಟಿ ಹೋಗುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶಗಳಿಗೆ ಆಧಾರವಿಲ್ಲ. ಮೂರ್ಛೆರೋಗ ಕೆರಳಿಸುವ ಮಿನುಗು ಇದಕ್ಕಿಂತ ತೀರಾ ನಿಧಾನದ್ದು, ಮುಖ್ಯವಾಗಿ ಸೆಕೆಂಡಿಗೆ 3ರಿಂದ 30 ಬಾರಿಯದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೊಕೆಮಾನ್ ಕಾರ್ಟೂನಿನ ಕೆಂಪು–ನೀಲಿ ಝಳಪು ನೋಡಿ ಸುಮಾರು 685 ಮಕ್ಕಳು ಆಸ್ಪತ್ರೆ ಸೇರಿದ್ದು ಆ ಬಗೆಯ ಪ್ರಕರಣ.

ಬೇವಿನ ನೆರಳಿನ ಸಮಸ್ಯೆ: ಇನ್ನೊಂದು ಬಗೆಯ ಪಿಳಿಪಿಳಿ ಇದೆ. ಅದಕ್ಕೂ ಮೇಲಿನ ತಂತ್ರಕ್ಕೂ ಸಂಬಂಧವಿಲ್ಲ. ಸಿಂದಗಿಯಿಂದ ವಿಜಯಪುರಕ್ಕೆ ಹೊರಟ ಬಸ್ಸಿನ ಕಿಟಕಿ ಬದಿ ಕುಳಿತು ಮೊಬೈಲ್ ತೆರೆದಿದ್ದೀರಿ ಎನ್ನೋಣ. ರಸ್ತೆಬದಿಯ ಬೇವಿನ ನೆರಳು ಒಮ್ಮೆ, ಬಿಸಿಲು ಒಮ್ಮೆ. ನೇರ ಬಿಸಿಲಿನ ಬೆಳಕು 1 ಲಕ್ಷ ಲಕ್ಸ್ ಮುಟ್ಟಬಹುದು. ಮನೆಯೊಳಗಿನ ದೀಪದ್ದು ನೂರಿನ್ನೂರು ಲಕ್ಸ್. ಫೋನಿನ ಮೇಲ್ಭಾಗದಲ್ಲಿರುವ ಬೆಳಕಿನ ಸಂವೇದಕ ಪ್ರತಿ ನೆರಳಿಗೂ ಸ್ಪಂದಿಸಿದರೆ ಪರದೆ ಹುಚ್ಚೆದ್ದಂತೆ ಏರಿಳಿಯಬೇಕಾಗುತ್ತದೆ. ಅದಕ್ಕಾಗಿ ತಂತ್ರಾಂಶದಲ್ಲಿ ತಾಳ್ಮೆಯನ್ನು ಬರೆದಿಡಲಾಗಿದೆ. ಗೂಗಲ್‌ನ ಮೂಲ ಆಂಡ್ರಾಯ್ಡ್‌ನಲ್ಲಿ ಹೊರಗಿನ ಬೆಳಕು ಹೆಚ್ಚಾದದ್ದು 4 ಸೆಕೆಂಡ್ ಉಳಿದರೆ ಮಾತ್ರ ಪರದೆ ಪ್ರಖರವಾಗುತ್ತದೆ, ಕಡಿಮೆಯಾದದ್ದು 8 ಸೆಕೆಂಡ್ ಉಳಿದರೆ ಮಾತ್ರ ಮಂಕಾಗುತ್ತದೆ. ಫೋನ್ ಕಂಪನಿಗಳು ಈ ಅಂಕಿಗಳನ್ನು ತಮಗೆ ಬೇಕಾದಂತೆ ಬದಲಿಸುತ್ತವೆ, ಕೆಲವು ಅವಸರದವು.

ಅದಲ್ಲದೆ ನಮ್ಮ ಕಣ್ಣಿನ ಅಳತೆಗೋಲು ಬೇರೆ. ಬೆಳಕು ಶೇ 80ರಿಂದ ಶೇ 81ಕ್ಕೆ ಏರಿದರೆ ನಮಗೆ ಗೊತ್ತೇ ಆಗದು. ಶೇ 1ರಿಂದ 2ಕ್ಕೆ ಏರಿದರೆ ಅದು ಇಮ್ಮಡಿ! ಮೆಟ್ಟಿಲುಗಳನ್ನು ಸಮಾನವಾಗಿ ಹಂಚಿದ ಫೋನಿನಲ್ಲಿ ಪಟ್ಟಿಯ ಎಡ ತುದಿಯ ಬಳಿ ಬೆರಳು ಸರಿಸಿದಾಗ ಪರದೆ ಜಿಗಿಜಿಗಿದು ಬದಲಾಗುತ್ತದೆ. ಒಳ್ಳೆಯ ತಂತ್ರಾಂಶ ಕೆಳಗಿನ ಮೆಟ್ಟಿಲುಗಳನ್ನು ಸಣ್ಣವಾಗಿಸಿ, ಒಂದರಿಂದ ಇನ್ನೊಂದಕ್ಕೆ ನಯವಾಗಿ ಜಾರಿಸುತ್ತದೆ. ಈಗಿನ ಆಂಡ್ರಾಯ್ಡ್‌ನಲ್ಲಿ ಪಟ್ಟಿಯ ಮಧ್ಯಕ್ಕೆ ಇಟ್ಟರೂ ನಿಜವಾದ ಬೆಳಕು ಅರ್ಧಕ್ಕಿಂತ ಬಹಳ ಕಡಿಮೆ ಇರುವುದು ಇದೇ ಕಾರಣಕ್ಕೆ.

ಬೇಸಿಗೆಯಲ್ಲಿ ನಮ್ಮ ಜಿಲ್ಲೆಗೆ ಇನ್ನೂ ಒಂದು ಕಾರಣ ಸೇರುತ್ತದೆ. ಐಫೋನ್ ಬಳಸಲು ಆ್ಯಪಲ್ ಹೇಳುವ ಸುತ್ತಲ ಉಷ್ಣಾಂಶ 0ಯಿಂದ 35 ಡಿಗ್ರಿ ಸೆಲ್ಸಿಯಸ್. ನಮ್ಮ ಏಪ್ರಿಲ್, ಮೇ 40 ಡಿಗ್ರಿ ದಾಟುತ್ತವೆ. ಇಂಡಿಯ ಲಿಂಬೆ ತೋಟದಲ್ಲಿ ನಿಂತು ಅಂದಿನ ದರ ನೋಡಲು ಫೋನು ತೆರೆದರೆ ಬಿಸಿಲಿಗೆ ಪರದೆ ಪೂರ್ತಿ ಪ್ರಖರವಾಗುತ್ತದೆ. ಕಾವು ಏರಿದಂತೆ ಫೋನು ತನ್ನನ್ನು ಉಳಿಸಿಕೊಳ್ಳಲು ಬೆಳಕನ್ನು ತಾನೇ ಕಡಿತಗೊಳಿಸುತ್ತದೆ. ಇದೂ ದೋಷವಲ್ಲ. ನೆರಳಿಗೆ ತಂದು, ಕವರ್ ತೆಗೆದು ಹತ್ತು ನಿಮಿಷ ಬಿಟ್ಟರೆ ಸರಿಹೋಗುತ್ತದೆ. ತಣ್ಣಗಾಗಲೆಂದು ಫ್ರಿಜ್‌ನಲ್ಲಿ ಇಡುವವರೂ ಇದ್ದಾರೆ! ಒಳಗೆ ತೇವ ಕಟ್ಟಿ ಇದ್ದ ಫೋನೂ ಹೋದೀತು.

ಕೈಯಲ್ಲೇ ಇರುವ ಪರೀಕ್ಷೆ: ನಿಮ್ಮ ಪರದೆ ಯಾವ ಜಾತಿಯದು ಎಂದು ತಿಳಿಯಲು ಉಪಕರಣ ಬೇಡ, ಇನ್ನೊಂದು ಫೋನಿನ ಕ್ಯಾಮೆರಾ ಸಾಕು. ಕ್ಯಾಮೆರಾದ ಪ್ರೊ ವಿಭಾಗದಲ್ಲಿ ಶಟರ್ ವೇಗವನ್ನು ಸೆಕೆಂಡಿನ 1000ನೇ ಒಂದು ಭಾಗಕ್ಕೋ ಅದಕ್ಕಿಂತ ಚುರುಕಾಗಿಯೋ ಇಟ್ಟು, ಬಿಳಿ ಪುಟ ತೆರೆದ ಪರದೆಯನ್ನು ನೋಡಬೇಕು. ಬೆಳಕನ್ನು ನಿಧಾನವಾಗಿ ತಗ್ಗಿಸುತ್ತ ಬನ್ನಿ. ಕಪ್ಪು ಪಟ್ಟಿಗಳು ಮೂಡಿ, ತಗ್ಗಿಸಿದಷ್ಟೂ ದಪ್ಪವಾದರೆ ಅದು ಆರಿಸಿ ಹೊತ್ತಿಸುವ ಪರದೆ. ಯಾವ ಹಂತದಲ್ಲಿ ಪಟ್ಟಿ ದಟ್ಟವಾಗತೊಡಗುತ್ತದೆ ಎಂಬುದನ್ನು ಗುರುತಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಪ್ರೊ ವಿಭಾಗ ಇಲ್ಲದಿದ್ದರೆ ಕತ್ತಲೆ ಕೋಣೆಯಲ್ಲಿ ಬೆಳಗುವ ಬಿಳಿ ಪರದೆಯ ಮುಂದೆ ಪೆನ್ಸಿಲ್ಲನ್ನು ಬೀಸಣಿಗೆಯಂತೆ ಬೇಗ ಬೇಗ ಆಡಿಸಿ. ಒಂದೇ ಮಸುಕು ಕಂಡರೆ ಸರಿ. ಬಿಡಿ ಬಿಡಿ ಪೆನ್ಸಿಲ್ಲುಗಳು ಕಂಡರೆ ಪರದೆ ಮಿನುಗುತ್ತಿದೆ. ಕಚೇರಿಯಲ್ಲಿ ಸಹೋದ್ಯೋಗಿಗಳ ಫೋನುಗಳನ್ನೆಲ್ಲ ಹೀಗೆ ಪರೀಕ್ಷಿಸಲು ಹೋಗಿ ಈ ವರದಿಗಾರನ ಒಂದು ಮಧ್ಯಾಹ್ನ ಕಳೆದದ್ದುಂಟು. ಪಟ್ಟಿ ಕಾಣದ ಫೋನುಗಳ ಪೈಕಿ ಹೆಚ್ಚಿನವು ಹಳೆಯ, ಅಗ್ಗದ ಎಲ್‌ಸಿಡಿ ಫೋನುಗಳು ಎಂಬುದು ತಮಾಷೆ.

ಬಸ್ಸಿನ ಎಲ್‌ಇಡಿ ಮಾರ್ಗಫಲಕದ ಫೋಟೊ ತೆಗೆದಾಗ ಊರ ಹೆಸರು ಅರ್ಧ ಮಾತ್ರ ಬರುವುದೂ ಇದೇ ಕಾರಣದಿಂದ. ಫಲಕ ಕೆಟ್ಟಿಲ್ಲ, ಆ ಕ್ಷಣದಲ್ಲಿ ಉಳಿದರ್ಧ ಆರಿತ್ತು ಅಷ್ಟೆ.

ಪರಿಹಾರವೇನು?: ಮೊದಲನೆಯದು ದುಡ್ಡಿಲ್ಲದ್ದು. ಕೋಣೆಯಲ್ಲಿ ಒಂದು ದೀಪ ಇರಲಿ. ಸುತ್ತ ಬೆಳಕಿದ್ದರೆ ಪರದೆಯನ್ನು ಪೂರ್ತಿ ತಗ್ಗಿಸುವ ಅಗತ್ಯವೇ ಬೀಳುವುದಿಲ್ಲ. ಆ ದೀಪವೂ ಒಳ್ಳೆಯದಿರಬೇಕು ಎಂಬುದು ಬೇರೆ ಮಾತು. 2015ರ ಕೊನೆಗೆ ರಾಜ್ಯದಲ್ಲಿ ‘ಹೊಸ ಬೆಳಕು’ ಯೋಜನೆ ಆರಂಭವಾದ ಮೇಲೆ ಎಲ್‌ಇಡಿ ಬಲ್ಬು ಮನೆಮನೆಗೆ ಬಂತು. ಆದರೆ ಸಂತೆಯಲ್ಲಿ ಸಿಗುವ ಹೆಸರಿಲ್ಲದ ಬಲ್ಬುಗಳಲ್ಲಿ ವಿದ್ಯುತ್ತನ್ನು ಸಮಗೊಳಿಸುವ ಬಿಡಿಭಾಗಕ್ಕೇ ಕತ್ತರಿ ಹಾಕಿರುವುದುಂಟು. ಅವು 100 ಹರ್ಟ್ಸ್‌ನಲ್ಲಿ ಮಿನುಗುತ್ತವೆ. ಮೇಲಿನ ಕ್ಯಾಮೆರಾ ಪರೀಕ್ಷೆ ಬಲ್ಬಿಗೂ ಸಲ್ಲುತ್ತದೆ.

ಎರಡನೆಯದು, ಪರದೆಯ ಬೆಳಕನ್ನು ಮೇಲೆಯೇ ಇಟ್ಟು ಚಿತ್ರವನ್ನು ಕಪ್ಪಾಗಿಸುವುದು. ಹಲವು ಅಮೊಲೆಡ್ ಫೋನುಗಳು ಮೇಲಿನ ಹಂತದಲ್ಲಿ ವಿದ್ಯುತ್ತನ್ನೇ ತಗ್ಗಿಸಿ, ಕೆಳಗಿನ ಹಂತದಲ್ಲಿ ಮಾತ್ರ ಆರಿಸಿ ಹೊತ್ತಿಸುವ ವಿಧಾನಕ್ಕೆ ಇಳಿಯುತ್ತವೆ. ಕ್ಯಾಮೆರಾ ಪರೀಕ್ಷೆಯಲ್ಲಿ ಗುರುತಿಟ್ಟ ಹಂತಕ್ಕಿಂತ ಸ್ವಲ್ಪ ಮೇಲೆ ಬ್ರೈಟ್‌ನೆಸ್ ನಿಲ್ಲಿಸಿ. ಬಳಿಕ ಆಂಡ್ರಾಯ್ಡ್ 12 ಹಾಗೂ ನಂತರದ ಫೋನುಗಳಲ್ಲಿ ‘ಎಕ್ಸ್‌ಟ್ರಾ ಡಿಮ್’, ಐಫೋನಿನಲ್ಲಿ ಆ್ಯಕ್ಸೆಸಿಬಿಲಿಟಿ ವಿಭಾಗದ ‘ರೆಡ್ಯೂಸ್ ವೈಟ್ ಪಾಯಿಂಟ್’ ಚಾಲೂ ಮಾಡಿ. ಇದರಲ್ಲಿ ದೀಪ ಆರುವುದಿಲ್ಲ, ಬಿಳಿಯೇ ಬೂದಾಗುತ್ತದೆ. ಬಣ್ಣಗಳ ನಯ ಸ್ವಲ್ಪ ಕಳೆದುಹೋಗಬಹುದು. ಕಥೆ, ಸುದ್ದಿ ಓದುವವರಿಗೆ ಅದರಿಂದ ನಷ್ಟವೇನಿಲ್ಲ. ಹಿಂಬದಿ ದೀಪವಿರುವ ಎಲ್‌ಸಿಡಿ ಪರದೆಯಲ್ಲಾದರೆ ಬ್ಯಾಟರಿ ಬೇಗ ಇಳಿಯುತ್ತದೆ ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಕೆಲವು ಕಂಪನಿಗಳು 2019ರಿಂದೀಚೆಗೆ ‘ಡಿಸಿ ಡಿಮ್ಮಿಂಗ್’ ಅಥವಾ ‘ಆ್ಯಂಟಿ ಫ್ಲಿಕರ್’ ಎಂಬ ಗುಂಡಿಯನ್ನೇ ಕೊಟ್ಟಿವೆ. 2025ರಲ್ಲಿ ಬಂದ ಐಫೋನ್ 17 ಸರಣಿಯಲ್ಲಿ ‘ಡಿಸ್‌ಪ್ಲೇ ಪಲ್ಸ್ ಸ್ಮೂತಿಂಗ್’ ಎಂಬ ಆಯ್ಕೆ ಸೇರಿದೆ. ಸೆಟ್ಟಿಂಗ್ಸ್‌ನ ಮೂಲೆಯಲ್ಲಿ ಅಡಗಿರುವ ಇವನ್ನು ಹುಡುಕುವುದೇ ಕಷ್ಟ. ಹುಡುಕು ಪೆಟ್ಟಿಗೆಯಲ್ಲಿ ಹೆಸರು ಬರೆದರೆ ಬೇಗ ಸಿಗುತ್ತವೆ.

ಪರದೆ ತಾನಾಗಿ ಏರಿಳಿಯುವ ತೊಂದರೆಗೆ ಅಡಾಪ್ಟಿವ್ ಬ್ರೈಟ್‌ನೆಸ್ ಆರಿಸಿ ನೋಡುವುದು ಸುಲಭ ದಾರಿ. ಆರಿಸುವ ಮುನ್ನ ಫೋನಿನ ಮೇಲಂಚನ್ನು ನೋಡಿ. ಸಂತೆಯಲ್ಲಿ ಹಾಕಿಸಿದ ಟೆಂಪರ್ಡ್ ಗ್ಲಾಸಿನ ಕಪ್ಪು ಅಂಚು ಸಂವೇದಕವನ್ನು ಅರೆ ಮುಚ್ಚಿದ್ದರೆ, ಫೋನನ್ನು ಅಡ್ಡ ಹಿಡಿದಾಗ ಬೆರಳು ಅಲ್ಲಿಗೇ ಬರುತ್ತಿದ್ದರೆ, ಸೆಟ್ಟಿಂಗ್ಸ್ ಎಷ್ಟು ತಿರುವಿದರೂ ಪ್ರಯೋಜನವಿಲ್ಲ.

ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ 11 ಬಳಸುವವರು ಡಿಸ್‌ಪ್ಲೇ ವಿಭಾಗದ ಬ್ರೈಟ್‌ನೆಸ್ ಅಡಿಯಲ್ಲಿರುವ, ಪುಟದ ಬಣ್ಣಕ್ಕೆ ತಕ್ಕಂತೆ ಬೆಳಕು ಬದಲಿಸುವ ಆಯ್ಕೆಯನ್ನು ‘ಆಫ್’ ಮಾಡಬೇಕು. ಬಿಳಿ ಪುಟದಿಂದ ಕಪ್ಪು ಪುಟಕ್ಕೆ ಹೋದಾಗ ಬೆಳಕು ತೇಲುವುದು ಇದರಿಂದಲೇ. ಪರದೆ ನಿಜಕ್ಕೂ ಪಿಳಿಪಿಳಿ ಎನ್ನುತ್ತಿದ್ದರೆ ಮೈಕ್ರೋಸಾಫ್ಟ್ ಒಂದು ಸರಳ ಪರೀಕ್ಷೆ ಹೇಳುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅದೂ ಜೊತೆಗೆ ಮಿನುಗಿದರೆ ಡಿಸ್‌ಪ್ಲೇ ಡ್ರೈವರ್ ಕಾರಣ. ಅದೊಂದು ಸ್ಥಿರವಾಗಿದ್ದು ಉಳಿದದ್ದೆಲ್ಲ ಮಿನುಗಿದರೆ ಯಾವುದೋ ಆ್ಯಪ್ ಕಾರಣ. ಮುಚ್ಚಳ ಹಿಂದೆ ಮುಂದೆ ಆಡಿಸಿದಾಗ ಮಿನುಗು ಬದಲಾದರೆ ಅದು ತಿರುಗಣಿಯೊಳಗಿನ ಕೇಬಲ್ಲಿನ ದೋಷ. ಆಗ ರಿಪೇರಿಯವರನ್ನು ಕಾಣಲೇಬೇಕು. ಮೇಜಿನ ಮಾನಿಟರ್ ಕೊಳ್ಳುವವರಿಗೆ ಚಿಂತೆ ಕಡಿಮೆ. 2013ರ ಸುಮಾರಿನಿಂದ ‘ಫ್ಲಿಕರ್ ಫ್ರೀ’ ಮಾನಿಟರುಗಳು ಸಾಮಾನ್ಯ ದರಕ್ಕೇ ಸಿಗುತ್ತಿವೆ.

ಪಂಪ್‌ಸೆಟ್ ಚಾಲೂ ಆದಾಗ ಮನೆಯ ದೀಪ ತೂಗಾಡಿದಂತಾಗುವುದು ನಮ್ಮ ಹಳ್ಳಿಗಳಿಗೆ ಗೊತ್ತಿರುವ ಸಂಗತಿ. ಅದು ವೋಲ್ಟೇಜ್ ಏರಿಳಿತ. ಸೆಕೆಂಡಿಗೆ 9 ಬಾರಿಯ ಆಸುಪಾಸಿನ ಏರಿಳಿತಕ್ಕೆ ನಮ್ಮ ಕಣ್ಣು ಅತಿ ಸೂಕ್ಷ್ಮ. ಬ್ಯಾಟರಿಯ ಮೇಲೆ ನಡೆಯುವ ಫೋನು, ಲ್ಯಾಪ್‌ಟಾಪ್‌ಗಳನ್ನು ಇದು ಮುಟ್ಟುವುದಿಲ್ಲ. ಚಾರ್ಜರ್ ಕಿತ್ತಾಗ ಮಾತ್ರ ಮಿನುಗು ನಿಂತರೆ ಚಾರ್ಜರನ್ನೇ ಶಂಕಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೂ ತಲೆನೋವು ಉಳಿದರೆ ಪರದೆಯ ಮೇಲೆ ತಪ್ಪು ಹೊರಿಸುವುದನ್ನು ಬಿಟ್ಟು ಕಣ್ಣಿನ ಪರೀಕ್ಷೆ ಮಾಡಿಸಬೇಕು. ಕನ್ನಡಕದ ಅಗತ್ಯವಿದ್ದೂ ಹಾಕದವರಿಗೆ, ಪಾಯಿಂಟ್ ಬದಲಾಗಿದ್ದವರಿಗೆ ಇದೇ ಲಕ್ಷಣಗಳು ಕಾಣಿಸುತ್ತವೆ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಬಹಳ ಕಡಿಮೆಯಾಗಿ ಕಣ್ಣು ಒಣಗುವುದೂ ಉರಿಗೆ ಕಾರಣ. 2020ರ ಲಾಕ್‌ಡೌನ್ ಕಾಲದ ಆನ್‌ಲೈನ್ ಪಾಠಗಳಿಂದ ಕೈಗೆ ಬಂದ ಫೋನನ್ನು ಮಕ್ಕಳು ಮತ್ತೆ ಕೆಳಗಿಟ್ಟಿಲ್ಲ. ರಾತ್ರಿ ಹೊದಿಕೆಯೊಳಗೆ ಪರದೆ ಮಂಕಾಗಿಸಿ ಓದುವ ಮಗು ತಲೆನೋವೆಂದರೆ ನೆಪವೆಂದು ಗದರುವ ಮುನ್ನ ಆ ಫೋನಿಗೆ ಕ್ಯಾಮೆರಾ ಪರೀಕ್ಷೆ, ಮಗುವಿಗೆ ಕಣ್ಣಿನ ಪರೀಕ್ಷೆ ಎರಡನ್ನೂ ಮಾಡಿಸಬಹುದು.

ಕೊನೆಯದಾಗಿ, ಡಿಸ್‌ಪ್ಲೇ ಬದಲಿಸಲೇಬೇಕು ಎಂದು ಅಂಗಡಿಯವರು ಹೇಳಿದಾಗ ಕೇಳಬೇಕಾದ ಎರಡು ಮಾತು. ಎಲ್ಲ ಹಂತದ ಬೆಳಕಿನಲ್ಲೂ ಮಿನುಗುತ್ತಿದೆಯೇ ಅಥವಾ ತಗ್ಗಿಸಿದಾಗ ಮಾತ್ರವೇ? ತಗ್ಗಿಸಿದಾಗ ಮಾತ್ರ ಕ್ಯಾಮೆರಾದಲ್ಲಿ ಸಮ ಅಂತರದ ಪಟ್ಟಿಗಳು ಕಂಡರೆ ಬದಲಾವಣೆಯಿಂದ ಏನೂ ಸಿಗುವುದಿಲ್ಲ. ಅದೇ ಮಾದರಿಯ ಹೊಸ ಪರದೆಯೂ ಹಾಗೆಯೇ ಮಿನುಗುತ್ತದೆ. ಹಾಕುವುದು ಕಂಪನಿಯ ಪರದೆಯೇ, ‘ಕಾಪಿ’ಯೇ? ಮೂಲ ಅಮೊಲೆಡ್ ತೆಗೆದು ಅಗ್ಗದ ಕಾಪಿ ಹಾಕಿಸಿಕೊಂಡು ಬಂದವರ ಫೋನಿನಲ್ಲಿ ಹೊಸ ಪಿಳಿಪಿಳಿ ಆರಂಭವಾದರೆ ಹಳೆಯದನ್ನು ಮರಳಿ ಪಡೆಯುವ ದಾರಿ ಇರುವುದಿಲ್ಲ. ಆದ್ದರಿಂದ ಬದಲಿಸಿದ ಮೇಲೆ, ಹಣ ಕೊಡುವ ಮುನ್ನ, ಅಂಗಡಿಯಲ್ಲೇ ಬ್ರೈಟ್‌ನೆಸ್ ಪೂರ್ತಿ ಇಳಿಸಿ ಇನ್ನೊಂದು ಫೋನಿನ ಕ್ಯಾಮೆರಾದಲ್ಲಿ ಒಮ್ಮೆ ನೋಡಿ, ಕಿತ್ತ ಹಳೆಯ ಪರದೆಯನ್ನೂ ಕೇಳಿ ಪಡೆದುಕೊಳ್ಳಿ.